ಅಳದ ಓತಿಕ್ಯಾತ

ತಾಂಡೂರಿನಲ್ಲಿ ಹೆರಿಗೆಯಾದ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ನೀರೆರೆದು, ಕೆಂಡದ ಶಾಖಕ್ಕೆ ಕಾಸುವುದು ನನ್ನ ಕೆಲಸವಾಗಿತ್ತು. ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರದವರ ಮನೆಯಲ್ಲಿ ಸೊಸೆಗೆ ಎಂಟು ತಿಂಗಳು. ಅವಳಿಗೆ ತಾಯಿ ಇಲ್ಲ, ಬಾಣಂತನ ಇಲ್ಲೇ. ಅವಳ ಗಂಡನನ್ನು ಕೂಸಿದ್ದಾಗ ಕಾಸಿದವಳೂ ನಾನೇ. ಹಾಗಾಗಿ ಅವನ ಮಗುವೂ ನನ್ನ ಕೈಗೇ ಎಂದು ಆ ಮನೆಯ ಯಜಮಾನಿ, ಅವಳ ಅತ್ತೆ ಬಾಯಾರು ಮಾತು ಕೊಟ್ಟಿದ್ದರು.

ಸೊಸೆ ಹೈದರಾಬಾದಿನಿಂದ ಒಂದು ಓತಿಕ್ಯಾತ ತಂದಿದ್ದಳು. ನಮ್ಮ ಬೇಲಿಯದಲ್ಲ, ಯಾವುದೋ ಮರಳುಗಾಡಿನದು. ಮೊಳದುದ್ದ, ಗದ್ದದ ಕೆಳಗೆ ಮುಳ್ಳಿನ ಗಡ್ಡ. ಗಾಜಿನ ಪೆಟ್ಟಿಗೆ, ಮೇಲೆ ಹಗಲೆಲ್ಲ ಉರಿಯುವ ಬಲ್ಬು. ನಮ್ಮ ಓಣಿಯಲ್ಲಿ ಹುಡುಗರ ಕಲ್ಲೇಟು ತಿನ್ನುವ ಪ್ರಾಣಿಗೆ ಅಲ್ಲಿ ರಾಜೋಪಚಾರ.

ಆಗ ಪ್ರತ್ಯೇಕ ತೆಲಂಗಾಣದ ಚಳವಳಿಯ ಗದ್ದಲ. ಚಳಿಗಾಲ. ಅತ್ತೆ ಸೊಸೆ ಇಬ್ಬರೂ ಓತಿಕ್ಯಾತನನ್ನು ನನಗೆ ಒಪ್ಪಿಸಿ, ಡಾಕ್ಟರಿಗೆ ತೋರಿಸಲು ಹೈದರಾಬಾದಿಗೆ ಹೊರಟರು.

“ಆಯಿ, ಕರೆಂಟ್ ಹೋದ್ರ ಇದಕ್ಕ ಥಂಡಿ ಆಗಬಾರದು. ತಣ್ಣಗಾದ್ರ ತಿಂದದ್ದು ಅರಗಂಗಿಲ್ಲ, ಸಾಯ್ತದ,” ಎಂದಳು ಸೊಸೆ.

“ನೂರು ಕೂಸು ಕಾಸೀನಿ, ಇದೊಂದು ಓತಿಕ್ಯಾತ ಏನು ದೊಡ್ಡದವ್ವಾ?” ಎಂದೆ.

ಮರುದಿನವೇ ಬಂದ್. ಬಸ್ಸಿಲ್ಲ, ಅವರು ಅಲ್ಲೇ ಉಳಿದರು. ಕರೆಂಟೂ ಹೋಯಿತು. ನಾನು ಶೇಗಡಿಯಲ್ಲಿ ಕೆಂಡ ಹಾಕಿ, ಮೇಲೆ ಪರಸಿ ಕಲ್ಲಿನ ತುಂಡಿಟ್ಟು, ಹಳೇ ಸೀರೆ ಮಡಚಿ ಹಾಸಿ ಅದನ್ನು ಮಲಗಿಸಿದೆ. ಕಣ್ಣು ಮುಚ್ಚಿ, ಮೈ ಅಗಲ ಮಾಡಿ ಒರಗಿತು.

ಪಕ್ಕದ ಮನೆಯವಳು ಇಣುಕಿದಳು. “ಏನಬೇ, ಓತಿಕ್ಯಾತನ ಬಾಣಂತನ ನಡಸೀದಿ? ಹೆಣ್ಣೋ, ಗಂಡೋ?”

“ತಿಂದು ಮಕ್ಕೊಂತದ, ನಿನ್ನ ಗಂಡನಂಗ. ನೀನೇ ಹೇಳು.”

ನಕ್ಕೆವು. ಕೂಸನ್ನು ಕಾಸುವಾಗ ನಾನು ಕೈ ಇಟ್ಟು ನೋಡುವುದು ಕಡಿಮೆ. ನನ್ನ ಅಂಗೈ ಕೆಂಡ ಎತ್ತಿ ಎತ್ತಿ ಸತ್ತಿದೆ. ಬಿಸಿ ಹೆಚ್ಚಾದರೆ ಕೂಸೇ ಅಳುತ್ತದೆ, ಎತ್ತಿಕೊಳ್ಳುತ್ತೇನೆ. ಇದು ಅಳಲಿಲ್ಲ. ಹಿತವಾಗಿದೆ ಎಂದುಕೊಂಡು ಮೂರು ದಿನ ಹಾಗೇ ಕಾಸಿದೆ. ಮೂರನೇ ದಿನ ಮಿಡತೆ ತಿನಿಸಲು ಎತ್ತಿದರೆ, ಹೊಟ್ಟೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಸೀರೆಗೆ ಅಂಟಿಕೊಂಡು ಬಂತು.

ತಿರುಗಿಸಿ ನೋಡದ ಹೊರತು ಯಾರಿಗೂ ಗೊತ್ತಾಗುವಂತಿರಲಿಲ್ಲ. ಬಂದ್ ಮುಗಿದು ಅವರು ಬಂದ ತಕ್ಷಣ ನಾನೇ ತಿರುಗಿಸಿ ತೋರಿಸಿದೆ. ಸೊಸೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬಾಯಾರು ನನ್ನನ್ನು ನೋಡಿದರು.

“ನೂರು ಕೂಸು ಕಾಸೀನಿ ಅಂತಿದ್ದೆಲ್ಲ?”

“ಕೂಸು ಅಳತಾವ್ರಿ ಬಾಯಾರ. ಇದು ಅಳಲಿಲ್ಲ.”

“ಅಳಲಿಲ್ಲಂದ್ರ ಸುಟ್ಟೇ ಬಿಡ್ತೀಯೇನ?”

ನಾನು ಶೇಗಡಿ ಎತ್ತಿ ಹೊರಗಿಟ್ಟೆ.

ದನದ ಡಾಕ್ಟರು ಮುಲಾಮು ಕೊಟ್ಟರು, ಓತಿಕ್ಯಾತ ಬದುಕಿತು. ಮುಂದಿನ ತಿಂಗಳು ಹೆರಿಗೆಯಾಯಿತು, ಹೆಣ್ಣು. ನನಗೆ ಕರೆ ಬರಲಿಲ್ಲ. ಕೊಡಂಗಲ್ ಕಡೆಯಿಂದ ಬೇರೆಯವಳನ್ನು ಕರೆಸಿದರು. ಐದನೇ ದಿನ ಕೂಸಿನ ತಲೆಗೆ ಕುಂಚಿಗೆ ಒಂದು ಹೊಲಿದುಕೊಂಡು ನಾನೇ ಹೋದೆ. ಬಾಯಾರು ಹೊರಗಿನ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು.

“ಕೈ ತೊಳಕೊಂಡು ಬಂದೀನ್ರಿ,” ಎಂದೆ.

“ಕೂಸು ಮಕ್ಕೊಂಡದ,” ಎಂದರು.

ತೆರೆದ ಬಾಗಿಲಿನಿಂದ ತೊಟ್ಟಿಲು ಕಾಣುತ್ತಿತ್ತು. ಕೂಸು ಎಚ್ಚರವಿತ್ತು, ಕಾಲು ಆಡಿಸುತ್ತಿತ್ತು. ಕುಂಚಿಗೆಯನ್ನು ಬಾಯಾರ ಕೈಗೆ ಕೊಟ್ಟು, ಚಹಾ ಕುಡಿದು, ಕಪ್ಪು ತೊಳೆದಿಟ್ಟು ಬಂದೆ.