ಮನೆಯೊಳಗಿದ್ದ ಹಿಂದಿನ ಸೀಟು

ಬೆಳಗಿನ ಐದೂವರೆ. ಪಾರ್ಸಲ್ ಗೋದಾಮಿನ ಅಂಗಳದಲ್ಲಿ ಮಂಜು ಇನ್ನೂ ಎದ್ದಿಲ್ಲ, ನೆಲಕ್ಕೆ ಅಂಟಿಕೊಂಡು ಮಲಗಿದೆ. ಸಾಲಾಗಿ ನಿಂತ ಗಾಡಿಗಳ ನಡುವೆ ಬೂದು ಬಣ್ಣದ ಪುಟ್ಟ ಕಾರೊಂದು ಹಿಂಬಾಗಿಲು ತೆರೆದುಕೊಂಡು ಆಕಳಿಸುವಂತೆ ನಿಂತಿದೆ. ಅದರ ಮುಂದೆ, ತಲೆಗೆ ಟವೆಲ್ ಸುತ್ತಿದ ಐವತ್ತೇಳರ ಹೆಂಗಸೊಬ್ಬರು ಒಂದೊಂದೇ ಪಾರ್ಸಲ್ ಎತ್ತಿಕೊಂಡು, ವಿಳಾಸ ಓದಿ, ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಆಮೇಲೆ ಅದನ್ನು ಒಳಗಿಡುತ್ತಾರೆ. ದೂರದಿಂದ ನೋಡಿದವರಿಗೆ ಪ್ರತಿ ಡಬ್ಬಕ್ಕೂ ಏನೋ ಹರಸಿ ಕಳಿಸುತ್ತಿರುವಂತೆ ಕಾಣಬೇಕು.

"ಹರಸೋದೂ ಇಲ್ಲ, ಏನೂ ಇಲ್ಲ. ಕಣ್ಣು ಮುಚ್ಚಿದ್ರೆ ಬೀದಿ ಕಾಣುತ್ತೆ, ಅಷ್ಟೆ" ಎಂದು ಅವರು ನಗುತ್ತಾರೆ. "ಮೊದ್ಲು ಇಳಿಯೋದು ಕೊನೇಲಿ ಹತ್ಬೇಕು. ಕೊನೇ ಮನೇದು ಮೊದ್ಲು ಒಳಗೆ ಹೋಗ್ಬೇಕು. ಇದಿಷ್ಟೇ ವಿದ್ಯೆ. ಕಲಿಯೋಕೆ ನನ್ನ ತಲೆಗೆ ಒಂದು ವರ್ಷ ಹಿಡೀತು, ಬೆನ್ನಿಗೆ ಎರಡು."

ಬೀದಿಯ ಮಕ್ಕಳಿಗೆಲ್ಲ ಇವರು ಪಾರ್ಸಲಕ್ಕ. ಒಂಬತ್ತು ವರ್ಷದಿಂದ ಇದೇ ಕಾರು, ಇದೇ ಕೆಲಸ. ಫೋನು ತೋರಿಸಿದ ಮನೆಗೆ ಡಬ್ಬ ತಲುಪಿಸುವುದು. ದಿನಕ್ಕೆ ಅರವತ್ತರಿಂದ ಎಪ್ಪತ್ತು ಬಾಗಿಲು, ತೊಂಬತ್ತು ಕಿಲೋಮೀಟರ್, ಲಿಫ್ಟು ಕೆಟ್ಟ ದಿನ ಎಂಟುನೂರು ಮೆಟ್ಟಿಲು. ಜನರ ಮುಖ ನೆನಪಿಲ್ಲ. ಬಾಗಿಲುಗಳು ಮಾತ್ರ ಒಂದೂ ಮರೆತಿಲ್ಲ. ಯಾವ ಕರೆಗಂಟೆ ಸತ್ತಿದೆ, ಯಾವ ನಾಯಿ ಬೊಗಳುವುದರಲ್ಲೇ ಮುಗಿಸುತ್ತದೆ, ಯಾವ ಮನೆಯವರು "ಬಂದೆ" ಎಂದು ಹೇಳಿ ಐದು ನಿಮಿಷ ಬಿಟ್ಟು ಬರುತ್ತಾರೆ, ಎಲ್ಲವೂ ನಾಲಗೆಯ ತುದಿಯಲ್ಲಿದೆ.

ಇದಕ್ಕೆ ಮೊದಲು ಅವರು ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದರು. ಕಾರ್ಖಾನೆಗೆ ಬೀಗ ಬಿದ್ದಾಗ ವಯಸ್ಸು ನಲವತ್ತೆಂಟು. ಆ ವಯಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದರು. ಮೂರನೇ ಪರೀಕ್ಷೆಯಲ್ಲಿ ಲೈಸೆನ್ಸ್ ಸಿಕ್ಕಿತು. ಆರು ವರ್ಷ ಹಳೆಯದಾಗಿದ್ದ ಈ ಕಾರನ್ನು ಗಂಡ ಹೆಂಡತಿ ಸೇರಿ ಕೊಂಡ ದಿನವೇ ಹಿಂದಿನ ಸೀಟು ಬಿಚ್ಚಿಸಿದರು. ಸೀಟಿದ್ದರೆ ಮೂವತ್ತು ಪಾರ್ಸಲ್, ಇಲ್ಲದಿದ್ದರೆ ಎಪ್ಪತ್ತು.

ಬಿಚ್ಚಿದ ಸೀಟು ಮನೆಯೊಳಗೆ ಬಂತು. ಒಂದೇ ಕೋಣೆಯ ಮನೆ. ಕಿಟಕಿಯ ಕೆಳಗೆ ನಾಲ್ಕು ಇಟ್ಟಿಗೆಗಳ ಮೇಲೆ ಅದನ್ನಿಟ್ಟಾಗ, ಮನೆಯಲ್ಲೇ ಕೂತು ಬಟ್ಟೆ ಹೊಲಿಯುವ ಗಂಡನಿಗೆ ಸಿಂಹಾಸನ ಸಿಕ್ಕಂತಾಯಿತು. ಕೈಹೊಲಿಗೆ, ಗುಂಡಿ ಕೂರಿಸುವುದು, ಮಧ್ಯಾಹ್ನದ ನಿದ್ದೆ ಎಲ್ಲವೂ ಅಲ್ಲೇ. "ಅರ್ಧ ಕಾರು ಊರು ತಿರುಗುತ್ತೆ, ಅರ್ಧ ಕಾರು ಮನೇಲಿ ಗೊರಕೆ ಹೊಡಿಯುತ್ತೆ" ಎಂದು ಪಾರ್ಸಲಕ್ಕ ಎಷ್ಟೋ ಸಲ ಚುಚ್ಚಿದ್ದುಂಟು. ಟೈಲರಣ್ಣನದು ಒಂದೇ ಉತ್ತರ: "ಮನೇಲಿರೋ ಅರ್ಧಕ್ಕೆ ಪೆಟ್ರೋಲ್ ಬೇಡ."

ಎರಡು ತಿಂಗಳ ಹಿಂದೆ ಫೋನಿಗೆ ಒಂದು ಸಾಲಿನ ಸಂದೇಶ ಬಂತು. ಹದಿನೈದು ವರ್ಷ ತುಂಬಿದ ವಾಹನಗಳಿಗೆ ಎರಡು ತಿಂಗಳ ನಂತರ ಕೆಲಸವಿಲ್ಲ. ಅಷ್ಟರಲ್ಲಿ ಬಲಭುಜವೂ ಅದೇ ಮಾತು ಹೇಳುತ್ತಿತ್ತು. ಕೊಳ್ಳಲು ಇಬ್ಬರು ಮುಂದೆ ಬಂದರು. ಪಾರ್ಸಲಕ್ಕ ಕೊಡಲಿಲ್ಲ. ಅದಕ್ಕೆ ಕಾರಣ ಒಂದು ಕನಸು.

ಕಳೆದ ವರ್ಷ ಒಂದು ಬೆಳಿಗ್ಗೆ ಆಸ್ಪತ್ರೆಯ ಮುಂದಿನ ಬಸ್ ನಿಲ್ದಾಣದಲ್ಲಿ ಕಂಬ ಹಿಡಿದು ನಿಂತಿದ್ದ ಹೆಂಗಸೊಬ್ಬರು ಇವರ ಕಾರಿಗೆ ಕೈ ಅಡ್ಡ ಹಿಡಿದಿದ್ದರು. ಡಯಾಲಿಸಿಸ್ ಮುಗಿಸಿಕೊಂಡು ಬಂದವರು, ತೋಳಿಗೆ ಬಿಳಿ ಪಟ್ಟಿ. ಎರಡು ಬೀದಿಯಾಚೆ ಬಿಟ್ಟರೆ ಸಾಕು ಎಂದರು. ಕಾರಿನ ಹಿಂದೆ ಸೀಟಿಲ್ಲ, ಮುಂದಿನ ಸೀಟಿನಲ್ಲೂ ಗಾಜಿನವರೆಗೆ ಡಬ್ಬಗಳು.

"ಜಾಗ ಇಲ್ಲಮ್ಮ ಅಂದೆ. ಸುಳ್ಳೇನಲ್ಲ. ಅವ್ರು 'ಪರವಾಗಿಲ್ಲ, ನೀವು ಹೋಗಿ' ಅಂದ್ರು. ನೂರು ಗಜ ಹೋಗಿ ಕನ್ನಡೀಲಿ ನೋಡ್ತೀನಿ, ಕಂಬಕ್ಕೆ ಒರಗಿ ಕೂತ್ಬಿಟ್ಟಿದ್ರು." ಪಾರ್ಸಲಕ್ಕ ಕೈಯಲ್ಲಿದ್ದ ಡಬ್ಬವನ್ನು ಒಳಗಿಡುತ್ತಾರೆ. "ಆವತ್ತಿಂದ ಒಂದೇ ಕನಸು. ಕೈಯಲ್ಲಿ ಪಾರ್ಸಲ್ ಇರುತ್ತೆ, ಮೇಲೆ ವಿಳಾಸ ಇರಲ್ಲ. ಯಾವ ಬಾಗಿಲು ತಟ್ಟಿದ್ರೂ ಅವ್ರೇ ತೆಗೀತಾರೆ. ಬೈಯಲ್ಲ, ಏನೂ ಇಲ್ಲ. ಪರವಾಗಿಲ್ಲ ಅಂತಾರೆ."

ಹೀಗಾಗಿ ಕಾರು ದಾನಕ್ಕೆ ನಿಂತಿತು. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಉಚಿತವಾಗಿ ಬಿಡುವ ಸಣ್ಣ ಸಂಸ್ಥೆಯೊಂದಿದೆ. ಅದರ ಮೆಕ್ಯಾನಿಕ್ ಬಂದು ಎಂಜಿನ್ನಿಗೆ ಕಿವಿಗೊಟ್ಟ, ಕೆಳಗೆ ಮಲಗಿ ನೋಡಿದ. ಮೂರು ಲಕ್ಷದ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದ ಗಾಡಿ.

"ದಾನ ಕೊಟ್ಟ ಆಕಳ ಹಲ್ಲು ಎಣಿಸೋಕೆ ಬಂದಿದ್ದಾನೆ ನೋಡು" ಎಂದು ಟೈಲರಣ್ಣ ಬಾಗಿಲಲ್ಲೇ ಗೊಣಗಿದರು.

"ಹಲ್ಲೆಲ್ಲ ಗಟ್ಟಿಯಾಗೇ ಇವೆ ಅಣ್ಣ" ಎಂದ ಮೆಕ್ಯಾನಿಕ್. "ಹೊಟ್ಟೇಲೇ ಏನೂ ಇಲ್ಲ. ಈ ಕಾರಿನ ಸೀಟೇ ಬೇಕು, ಬೇರೇದು ಕೂರಿಸಿದ್ರೆ ತಪಾಸಣೆಲಿ ಪಾಸಾಗಲ್ಲ. ಸೀಟಿಲ್ಲ ಅಂದ್ರೆ ಗುಜರಿಗೆ ಹಾಕಿ, ಬಂದದ್ದನ್ನ ಸಂಸ್ಥೆಗೆ ತಗೋತೀವಿ. ಇದ್ರೆ ಇನ್ನೂ ನಾಲ್ಕು ವರ್ಷ ಓಡ್ಸಬಹುದು. ಎಲ್ಲಿಟ್ಟಿದ್ದೀರಿ?" ಹೀಗೆನ್ನುತ್ತ ಒಳಗೆ ಬಂದು, ನೀರು ಕುಡಿಯಲೆಂದು ಕಿಟಕಿಯ ಕೆಳಗೆ ಕೂತವನು ಹಾವು ಕಚ್ಚಿದವನಂತೆ ಎದ್ದು ನಿಂತ. ತೊಡೆಗೆ ಸೂಜಿ.

"ಅದೇ ಸೀಟು" ಎಂದರು ಪಾರ್ಸಲಕ್ಕ.

ಅಂದು ಸಂಜೆ ಆ ಮನೆಯಲ್ಲಿ ಮಾತು ಬಿಸಿಯಾಯಿತು. "ನಿನ್ನ ಕಾರು ನೀನು ದಾನ ಮಾಡು. ನನ್ನ ಸೀಟು ಯಾಕೆ?" ಎಂದರು ಗಂಡ. "ರೀ, ಅದು ಕಾರಿಂದೇ ಅಲ್ವಾ" ಎಂದರೆ, "ಒಂಬತ್ತು ವರ್ಷ ಕೂತವನಿಗೆ ಸೇರಿದ್ದು" ಎಂದರು. ಪಾರ್ಸಲಕ್ಕ ವಾದಕ್ಕಿಳಿಯಲಿಲ್ಲ. ಒಂದು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ಕನಸನ್ನು ಮೊದಲ ಬಾರಿಗೆ ಅವರಿಗೆ ಹೇಳಿದರು. ಟೈಲರಣ್ಣ ಕೇಳಿಸಿಕೊಂಡು ದೀಪ ಆರಿಸಿ ಮಲಗಿದರು.

ಮರುದಿನ ಗೋದಾಮಿನಿಂದ ಮರಳಿದಾಗ ಟೈಲರಣ್ಣ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ, ನೆಲಕ್ಕೆ ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತ. ಸೀಟಿನ ಸಂದುಗೊಂದು ಬಿಡದೆ ಸವರಿ, ನಲವತ್ತಮೂರು ಸೂಜಿ, ಹನ್ನೊಂದು ಗುಂಡುಪಿನ್ನು ತೆಗೆದಿದ್ದರು. "ಇಷ್ಟು ದಿನ ನಾನು ಇದರ ಮೇಲೆ ಹೇಗೆ ನಿದ್ದೆ ಮಾಡ್ತಿದ್ದೆ?" ಎಂದು ಅವರಿಗೇ ಆಶ್ಚರ್ಯ. ಮೂರು ದಿನ ಕೂತು, ಕೋಟಿನ ಬಟ್ಟೆಯ ತುಂಡುಗಳನ್ನು ಜೋಡಿಸಿ ಕಡುನೀಲಿ ಹೊದಿಕೆ ಹೊಲಿದರು.

ಶನಿವಾರ ಬೆಳಿಗ್ಗೆ ಸಂಸ್ಥೆಯ ಶೆಡ್ಡಿನಲ್ಲಿ ಸೀಟು ಕಾರಿನೊಳಗೆ ಕೂತಿತು. ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಅಕ್ಕ, ಇದರ ಬೋಲ್ಟು? ಈ ಅಳತೇದು ಈಗ ಹುಡುಕಿದ್ರೂ ಸಿಗಲ್ಲ."

ಪಾರ್ಸಲಕ್ಕನ ಮುಖ ಬಾಡಿತು. ಬೋಲ್ಟಿನ ವಿಷಯ ಅವರು ಯಾವತ್ತೋ ಮರೆತಿದ್ದರು. ಟೈಲರಣ್ಣ ಕೈಚೀಲದಿಂದ ಗುಂಡಿಗಳ ತಗಡಿನ ಡಬ್ಬಿ ತೆಗೆದರು. ಅಂಗಿಯ ಗುಂಡಿ, ಕೋಟಿನ ಗುಂಡಿಗಳ ನಡುವೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಆರು ಬೋಲ್ಟುಗಳು. ಒಂದಕ್ಕೂ ತುಕ್ಕು ಹಿಡಿದಿಲ್ಲ.

"ಒಂಬತ್ತು ವರ್ಷದಿಂದ ಇಟ್ಕೊಂಡಿದ್ರಾ?" ಎಂದು ಕೇಳಿದರು ಹೆಂಡತಿ.

"ಬಿಚ್ಚಿದ ಗುಂಡಿ ಯಾವ ಟೈಲರ್ ಬಿಸಾಕ್ತಾನೆ? ಒಂದಲ್ಲ ಒಂದಿನ ಹಾಕ್ಲೇಬೇಕಲ್ಲ."

ಸಂಸ್ಥೆಯ ಡ್ರೈವರ್ ಬೀಗದ ಕೈ ತೆಗೆದುಕೊಂಡು, ಇಬ್ಬರನ್ನೂ ಮನೆಗೆ ಬಿಟ್ಟು, ಒಂಬತ್ತಕ್ಕೆ ಮೊದಲ ರೋಗಿಯನ್ನು ಕರೆದೊಯ್ಯಲು ಹೋಗುವುದಾಗಿ ಹೇಳುತ್ತಾನೆ. ಅಭ್ಯಾಸಬಲದಿಂದ ಸ್ಟಿಯರಿಂಗ್ ಬದಿಗೆ ನಡೆದ ಪಾರ್ಸಲಕ್ಕ ಅರ್ಧದಲ್ಲೇ ನಿಂತು, ಹಿಂದಿನ ಬಾಗಿಲು ತೆರೆದು ಕೂರುತ್ತಾರೆ. ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದು ಇದೇ ಮೊದಲು.

ಕಾರು ಅವರದೇ ಬೀದಿಗಳಲ್ಲಿ ಹೊರಡುತ್ತದೆ. ಬಾಗಿಲುಗಳು ತಾವಾಗಿಯೇ ಹಿಂದೆ ಸರಿಯುತ್ತವೆ, ಯಾವುದನ್ನೂ ತಟ್ಟಬೇಕಾಗಿಲ್ಲ. ಮೇಲೆ ಮಹಡಿಗಳು, ಒಣಹಾಕಿದ ಬಟ್ಟೆಗಳು, ಅದರ ಮೇಲೆ ಎಲೆಗಳ ಸಂದಿನಿಂದ ಸುರಿಯುವ ಎಳೆಬಿಸಿಲು. "ಈ ಬೀದೀಲಿ ಇಷ್ಟೊಂದು ಮರ ಇತ್ತಾ?" ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತಾರೆ.

"ಆಸ್ಪತ್ರೆಯಿಂದ ಬರೋವಾಗ ಎಲ್ರೂ ಸುಸ್ತಾಗಿ ನಿದ್ದೆ ಹೋಗ್ಬಿಡ್ತಾರೆ ಅಕ್ಕ" ಎನ್ನುತ್ತಾನೆ ಡ್ರೈವರ್.

"ಹೋಗ್ಲಿ. ಈ ಸೀಟಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ. ನಮ್ಮನೆಯವ್ರು ಒಂಬತ್ತು ವರ್ಷ ಪರೀಕ್ಷೆ ಮಾಡಿ ನೋಡಿದ್ದಾರೆ."

ಟೈಲರಣ್ಣ ನೀಲಿ ಹೊದಿಕೆಯ ಅಂಚನ್ನು ಬೆರಳಿನಿಂದ ಸವರುತ್ತಾರೆ. ಪಕ್ಕದಲ್ಲಿ ಹೆಂಡತಿಯ ಕಣ್ಣು ಮೆಲ್ಲಗೆ ಮುಚ್ಚಿಕೊಳ್ಳುತ್ತಿದೆ. ಮನೆಯ ತಿರುವು ಬಂದಾಗ ಟೈಲರಣ್ಣ ಪಿಸುಮಾತಿನಲ್ಲಿ ಕೇಳುತ್ತಾರೆ: "ಇನ್ನೊಂದು ಸುತ್ತು ಹೋಗೋಣ ಅಂತ ಹೇಳ್ಲಾ?"

ಪಾರ್ಸಲಕ್ಕ ಕಣ್ಣು ತೆರೆದು, ಡ್ರೈವರನ ಗಡಿಯಾರದ ಕಡೆ ನೋಡುತ್ತಾರೆ.

"ಬೇಡ. ಒಂಬತ್ತು ಗಂಟೆಗೆ ಯಾರೋ ಬಾಗಿಲಲ್ಲಿ ಕಾಯ್ತಿರ್ತಾರೆ. ಇಳೀರಿ, ಜಾಗ ಮಾಡಿಕೊಡೋಣ."