ನಾನು ಖಾತ್ರಿ ಕೊಟ್ಟ ಚಾಕು

ಹಳೆಯ ಮಡಚುವ ಚಾಕು ಅಸಲಿಯೋ ನಕಲಿಯೋ ಎಂದು ಹೇಳುವುದರಲ್ಲಿ ನಾಶಿಕದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಇಲ್ಲಿನ ಸಾತಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮಾಲು ವಾಪಸ್ ಕಳಿಸುವವನು. ಬೀದರಿನಿಂದ ಬಂದು ಇಷ್ಟು ವರ್ಷವಾದರೂ ಮರಾಠಿಯಲ್ಲಿ ತಪ್ಪುತ್ತೇನೆ, ಚಾಕುವಿನಲ್ಲಿ ತಪ್ಪುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಛತ್ರಪತಿ ಸಂಭಾಜಿನಗರದ ಹಳೇ ಸಾಮಾನಿನ ಸಂತೆಯಲ್ಲಿ, ಬೀಗಗಳ ರಾಶಿಯೊಳಗೆ ಒಂದು ಚಾಕು ಸಿಕ್ಕಿತು. ಎಮ್ಮೆ ಕೊಂಬಿನ ಹಿಡಿ, ಅಂಗೈ ತಾಗುವ ಕಡೆ ಸವೆದು ನುಣುಪಾಗಿತ್ತು. ನಕಲಿ ಮಾಡುವವರು ಆಸಿಡ್ ಹಚ್ಚಿದರೆ ತುಕ್ಕು ಎಲ್ಲ ಕಡೆ ಒಂದೇ ಸಮ ಏಳುತ್ತದೆ. ಇದರಲ್ಲಿ ಕೀಲಿನ ಸಂದಿಯಲ್ಲಷ್ಟೇ ಇತ್ತು. ಅಲಗಿನ ಬುಡದಲ್ಲಿ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರಗಳು. ಹದಿನೈದು ದಿನ ಭೂತಗನ್ನಡಿ ಹಿಡಿದು ನೋಡಿ, ನೂರು ವರ್ಷ ಹಳೆಯ ಇಂಗ್ಲೆಂಡ್ ಮಾಲು ಎಂದು ತೀರ್ಪು ಕೊಟ್ಟೆ.

"ಉಳ್ಳಾಗಡ್ಡಿ ಕೊಯ್ತದೇನು?" ಅಂದಳು ಹೆಂಡತಿ. ನಾನು ಚಾಕುವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಅವಳ ಕೈಗೆ ಸಿಗದ ಕಡೆ ಇಟ್ಟೆ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದನ್ನು ನಾಲ್ಕು ಜನರಿಗೆ ತೋರಿಸುತ್ತ ಅಲಗಿನ ಅಕ್ಷರಮುದ್ರೆಯ ಬಗ್ಗೆ ವಿವರಿಸುತ್ತಿದ್ದೆ. ನಿವೃತ್ತಿಗೆ ಬಂದಿದ್ದ ಕಲಬುರಗಿ ಕಡೆಯ ಫಿಟ್ಟರ್ ಒಬ್ಬರು ಕೈ ಚಾಚಿದರು. ಚಾಕು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು.

"ಇದು ನಾ ಮಾಡಿದ್ದರಿ," ಅಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ನಮ್ಮಪ್ಪ ಓದು ಬರಹ ಬಾರದವ, ನಿಫಾಡದಾಗ ದ್ರಾಕ್ಷಿ ತ್ವಾಟದಾಗ ಕೆಲಸ ಮಾಡ್ತಿದ್ದ. ಒಬ್ಬ ಸಾಹೇಬ ಕೊಟ್ಟಿದ್ದ ಚಾಕು ಅಲ್ಲೇ ಕಳಕೊಂಡ. ಊಟಾನೇ ಬಿಟ್ಟ. ಅದಕ್ಕ ಇಲ್ಲೇ ಹಳೇ ಗರಗಸದ ತುಂಡಿನಾಗ ಅಂಥದ್ದೇ ಮಾಡಿ, ಅಕ್ಷರ ಪಂಚ್ ಹೊಡದು, ಅರ್ಧ ತಿಕ್ಕಿ ಅಳಿಸಿ, ಸಿಕ್ತು ಅಂತ ಕೊಟ್ಟೆ. ಹದಿನೆಂಟು ವರ್ಷ ಅವನ ಕಿಸೆದಾಗಿತ್ತು. ಅಪ್ಪ ಹೋದ ಮ್ಯಾಲ ಸಂಭಾಜಿನಗರದಾಗ ತಮ್ಮನ ಮನ್ಯಾಗಿತ್ತು. ಮನಿ ಬದಲಿಸುವಾಗ ಗುಜರಿಗೆ ಹಾಕ್ಯಾರ ಕಾಣ್ತದ."

ಅಲಗಿನ ಬೆನ್ನಿನ ಮೇಲೆ ಗರಗಸದ ಹಲ್ಲುಗಳನ್ನು ಉಜ್ಜಿದ ಗುರುತು ಆಗ ಕಂಡಿತು. ಭೂತಗನ್ನಡಿಯೂ ಬೇಕಾಗಲಿಲ್ಲ. ಸುತ್ತಲಿದ್ದವರು ಚಹಾ ಕುಡಿಯುವುದರಲ್ಲಿ ತುಂಬ ಆಸಕ್ತಿ ತೋರಿಸಿದರು.

ಮಾನ ಉಳಿಸಿಕೊಳ್ಳಲು ಕೇಳಿದೆ: "ನಿಮ್ಮಪ್ಪನವರೂ ಮೋಸ ಹೋದರಲ್ಲ?"

"ಇಲ್ಲರಿ. ಬಿಚ್ಚಿದ ಕೂಡ್ಲೇ ಗೊತ್ತಾಗಿತ್ತಂತ. ಹದಿನೆಂಟು ವರ್ಷ ಬಾಯಿ ಬಿಡಲಿಲ್ಲ. ಸಾಯೋದಕ್ಕಿಂತ ಎಂಟು ದಿನ ಮೊದಲು ಹೇಳಿದ, ಸಾಹೇಬಂದಕ್ಕಿಂತ ನಿಂದೇ ಚಲೋ ಕೊಯ್ತಿತ್ತಪಾ ಅಂತ."

ಓದು ಬರಹ ಬಾರದ ಒಬ್ಬ ಮುದುಕ ಒಂದು ಕ್ಷಣದಲ್ಲಿ ಕಂಡದ್ದನ್ನು ಹದಿನೈದು ದಿನದಲ್ಲಿ ನಾನು ಕಾಣಲಿಲ್ಲ. ಚಾಕುವನ್ನು ಅವರ ಕೈಯಲ್ಲೇ ಬಿಟ್ಟೆ. ಬೇಡ ಅಂದರು, ಎರಡು ಸಲ. ಮೂರನೇ ಸಲ ಅಂಗಿಯ ಕಿಸೆಗೆ ಹಾಕಿಕೊಂಡು, ಕಿಸೆಯ ಮೇಲೆ ಅಂಗೈ ಇಟ್ಟುಕೊಂಡೇ ತಮ್ಮ ಮಷಿನಿನ ಕಡೆ ನಡೆದರು.