ವ್ಯಾಗನ್ನಿನ ಕೆಳಗಿನ ಗಂಟು

ಮಧ್ಯಾಹ್ನ ಮೂರೂ ಹತ್ತಕ್ಕೆ ಗದಗ ಸ್ಟೇಷನ್ನಿನಲ್ಲಿ ಹತ್ತಿಯ ವ್ಯಾಗನ್ನು ಅಲುಗಿತು. ಅದರ ಕೆಳಗಿನ ನೆರಳಿನಲ್ಲಿ ಅಕ್ಕ ತಮ್ಮ ಇಬ್ಬರು ಮಕ್ಕಳು ಮಲಗಿದ್ದರು. ಕನ್ನಡ ನಾಡು ಒಂದಾದ ಸಂಭ್ರಮಕ್ಕೆ ಮಂತ್ರಿಗಳು ಬರುತ್ತಾರೆಂದು ಪೊಲೀಸಪ್ಪ ಅವರನ್ನು ಬೆಳಿಗ್ಗೆಯೇ ಪ್ಲಾಟ್‌ಫಾರ್ಮಿನಿಂದ ಓಡಿಸಿದ್ದ.

ಮುಂಡರಗಿಯ ಅತ್ತೆಯ ಮನೆಗೆ ಹೊರಟು ಹಳಿ ದಾಟುತ್ತಿದ್ದ ನಾನು ಕಿರುಚಿದೆ. ಹುಡುಗಿ ಹೊರಗೆ ಹಾರಿದಳು. ತಮ್ಮ ಇನ್ನೂ ಒಳಗೇ ಇದ್ದ. ಅವಳ ಮುಂಗೈಗೂ ಅವನ ಉಡಿದಾರಕ್ಕೂ ಸೀರೆಯ ಅಂಚೊಂದನ್ನು ಗಂಟು ಹಾಕಿ ಬಿಗಿಯಲಾಗಿತ್ತು. ಗಾಲಿ ಅದರ ಮೇಲೆ ಹತ್ತುವ ಮೊದಲು ಇಬ್ಬರೂ ಸೇರಿ ಅವನನ್ನು ಎಳೆದುಕೊಂಡೆವು.

ಸಿಟ್ಟಿನಿಂದ ಆ ಗಂಟಿಗೆ ಕೈ ಹಾಕಿದೆ.

“ಬಿಚ್ಚಬ್ಯಾಡ್ರಿ ಅಕ್ಕಾರ, ಇವ ನಿದ್ದ್ಯಾಗ ಎದ್ದು ನಡೀತಾನ,” ಎಂದಳು ಹುಡುಗಿ.

“ನಿಮ್ಮ ಮನಿ ಎಲ್ಲೈತಿ?”

“ಮನಿ ಇದ್ರ ಕದಾ ಹಾಕ್ತಿದ್ನಿ. ಇವನ್ನ ಯಾಕ ಕಟ್ಟತಿದ್ನಿ?”

ಪೊಲೀಸಪ್ಪ ಓಡಿ ಬಂದ. “ಅಲ್ಲಿಂದ ಓಡ್ಸಿದ್ರ ಇಲ್ಲಿ ಸಾಯಾಕ ಬಂದೀರೇನಲೇ? ಬಾಯಾರ, ಕಲಿತವ್ರಿದ್ದೀರಿ, ನೀವರ ಬುದ್ಧಿ ಹೇಳ್ರಿ.”

“ಮತ್ತೆಲ್ಲಿ ಮಲಗಬೇಕ್ರಿ ಇವು?” ಎಂದೆ. ಅವನು ಸ್ವಾಗತದ ಕಮಾನಿನಲ್ಲಿ ಜಾರಿದ್ದ ತೋರಣ ಸರಿಪಡಿಸಲು ಹೋದ.

ಮುಂಡರಗಿಗೆ ಬಂದ ಮೇಲೂ ಕಣ್ಣು ಮುಚ್ಚಿದರೆ ಆ ಗಾಲಿ ಹೊರಳುತ್ತಿತ್ತು. ರಾತ್ರಿಯಿಡೀ ಎಚ್ಚರವಾಗದೆ ಮಲಗಿದ್ದು ಮುಂದಿನ ಗುರುವಾರವೇ, ಅತ್ತೆಯ ಮನೆಯಲ್ಲಿ, ಕದ ಹಾಕಿ ಅಗಳಿ ಜಡಿದು.